ಶಿಬಿರದಲ್ಲಿ ಒಂದು ಟೇಪು ಇರಲಿ, ಒಂದು ಪ್ರಶ್ನೆಯೂ ಇರಲಿ

ಮಾನ್ಯ ಸಂಪಾದಕರೇ,

ನಾನು ಅಂಕೋಲಾದವನು. ಗಂಡಸರ ಟೇಲರ್. 1988ರಲ್ಲಿ ಅಂಗಡಿ ಹಾಕಿದೆ, ಈಗ ನನಗೆ 61 ವರ್ಷ. ನಿಮ್ಮ ಪತ್ರಿಕೆ ದಿನಾ ಅಂಗಡಿಗೆ ಬರುತ್ತದೆ. ಓದಿದ ಮೇಲೆ ಅದೇ ಕಾಗದದಲ್ಲಿ ಪ್ಯಾಂಟಿನ ಅಚ್ಚು ಕತ್ತರಿಸುವುದೂ ಉಂಟು, ಬೇಜಾರು ಮಾಡ್ಕೋಬೇಡಿ. ಪತ್ರ ಬರೆಯುವುದು ಮಾತ್ರ ಇದೇ ಮೊದಲು. ಸ್ವಲ್ಪ ಉದ್ದವಾಗಿದೆ. ಕತ್ತರಿಸುವುದಾದರೆ ಕತ್ತರಿಸಿ, ಆದರೆ ಮಾರ್ಜಿನ್ ಬಿಟ್ಟು ಕತ್ತರಿಸಿ.

ಕಳೆದ ನವೆಂಬರಿನಲ್ಲಿ ನಮ್ಮೂರಲ್ಲಿ ಒಂದು ಉಚಿತ ಆರೋಗ್ಯ ತಪಾಸಣಾ ಶಿಬಿರ ಆಯಿತು. ಯಾರು ಮಾಡಿದರು ಎಂದು ಬರೆಯುವುದಿಲ್ಲ. ಒಳ್ಳೆಯ ಕೆಲಸವನ್ನೇ ಮಾಡಿದರು, ಹೆಸರು ಹಾಕಿದರೆ ದೂರು ಹೇಳಿದಂತಾಗುತ್ತದೆ. ಭಾನುವಾರ ಆಗಿತ್ತು. ನನ್ನ ಮಗ ಗೋವಾದಲ್ಲಿ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ, ಶನಿವಾರ ರಾತ್ರಿ ಮಡಗಾಂವ್‌ನಿಂದ ರೈಲಿಗೆ ಬಂದಿದ್ದ. ಅವನಿಗೆ 27. "ನನಗೆಂಥಾ ಆಗಿದೆ, ಸುಮ್ನೆ ಲೈನಲ್ಲಿ ನಿಲ್ಲೋದು" ಎಂದ. ಅವನ ಅಮ್ಮ ಬಿಡಬೇಕಲ್ಲ, ಕಳಿಸಿದಳು.

ಬಿಪಿ 122/78. ಬೆರಳು ಚುಚ್ಚಿ ನೋಡಿದ ಶುಗರ್ 104. ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ 'ನಾರ್ಮಲ್' ಎಂದು ಬರೆದು ಕೊಟ್ಟರು. ಎಲ್ಲ ಸೇರಿ ಎರಡು ನಿಮಿಷ. ಹೆಸರು, ವಯಸ್ಸು, ಊರು, ಮೊಬೈಲ್ ನಂಬರ್ ಕೇಳಿದರು. ನಿನ್ನ ಅಪ್ಪನಿಗೆ ಬಿಪಿ ಇದೆಯಾ, ಅಜ್ಜಿಗೆ ಇತ್ತಾ ಎಂದು ಯಾರೂ ಕೇಳಲಿಲ್ಲ. ಹೊಟ್ಟೆಯ ಸುತ್ತ ಟೇಪು ಹಿಡಿಯಲೂ ಇಲ್ಲ. ನಾನು ಈ ಪತ್ರ ಬರೆಯುತ್ತಿರುವುದು ಈ ಎರಡು ಸಂಗತಿಗಾಗಿ.

ನಮ್ಮ ಮನೆಯ ವಿಷಯ ಮೊದಲು ಹೇಳಬೇಕು. ನನ್ನ ಅವ್ವ ಕಡ್ಡಿಯಂತೆ ಇದ್ದಳು. ತೂಕ 45 ಕಿಲೋ ಇತ್ತೋ ಇಲ್ಲವೋ. ಗದ್ದೆ, ದನ, ಬೆಟ್ಟದಿಂದ ಸೊಪ್ಪಿನ ಹೊರೆ, ಕೂತದ್ದನ್ನು ನೋಡಿದವರಿಲ್ಲ. 56ನೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಅಂಗಳದಲ್ಲಿ ಬಿದ್ದಳು. ಲಕ್ವ. ಆಸ್ಪತ್ರೆಯಲ್ಲಿ ನೋಡಿದಾಗ ಬಿಪಿ 210/120. ಅದೇ ಅವಳ ಜನ್ಮದಲ್ಲಿ ಮೊದಲ ಸಲ ಬಿಪಿ ನೋಡಿದ್ದು. ಬಲಗೈ ಮತ್ತೆ ಬರಲಿಲ್ಲ. ಅಣ್ಣನಿಗೆ 40ಕ್ಕೆ ಬಿಪಿ ಬಂತು, 50 ದಾಟುತ್ತಲೇ ಸಕ್ಕರೆ ಕಾಯಿಲೆಯೂ ಬಂತು. ನನಗೆ ಗೊತ್ತಾದದ್ದು 44ರಲ್ಲಿ, ಹಲ್ಲು ಕೀಳಿಸಲು ಹೋದಾಗ. ಹಲ್ಲಿನ ಡಾಕ್ಟರ್ ಪಟ್ಟಿ ಸುತ್ತಿ ನೋಡಿ "ಹಲ್ಲು ಆಮೇಲೆ ಕೀಳೋಣ, ಮೊದಲು ಇದನ್ನು ನೋಡ್ಕೊಂಡು ಬನ್ನಿ" ಎಂದರು. 160/100 ಇತ್ತು. ಹೆಂಡತಿಯ ಅಪ್ಪನಿಗೂ ಬಿಪಿ. ಅಂದರೆ ನನ್ನ ಮಗನಿಗೆ ಎರಡೂ ಕಡೆಯಿಂದ ಬಳುವಳಿ ಇದೆ.

ಶಿಬಿರದ ಹಾಲ್‌ನ ಹೊರಗೆ ಅವನು 'ನಾರ್ಮಲ್' ಚೀಟಿ ತೋರಿಸುತ್ತಿದ್ದಾಗ ನನ್ನ ಕೊರಳಲ್ಲಿ ಟೇಪು ಇತ್ತು. ಅಂಗಡಿಯಿಂದ ಹಾಗೇ ಬಂದಿದ್ದೆ. ಟೇಲರ್ ಕೊರಳಲ್ಲಿ ಟೇಪು, ಕಂಡಕ್ಟರ್ ಕಿವಿ ಮೇಲೆ ಪೆನ್ನು, ಇದ್ದದ್ದೇ. ಸುಮ್ಮನೆ ಅಂಗಿ ಎತ್ತಿಸಿ ಹೊಟ್ಟೆಗೆ ಟೇಪು ಸುತ್ತಿದೆ. 38 ಇಂಚು. ನಾನೇ ಬೆಚ್ಚಿದೆ. ಯಾಕೆಂದರೆ ಅವನ ಪ್ಯಾಂಟು ಹೊಲಿಯುವವನೂ ನಾನೇ, ಅದರ ಸೊಂಟ 34.

ಇಲ್ಲಿ ನನ್ನ ಕಸುಬಿನ ಒಂದು ಗುಟ್ಟು ಹೇಳಲೇಬೇಕು. ಪ್ಯಾಂಟಿನ ಸೈಜು ಸುಳ್ಳು ಹೇಳುತ್ತದೆ. ಹೊಟ್ಟೆ ಬಂದ ಹಾಗೆ ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸುತ್ತಾರೆ. ನಾವು ಟೇಲರುಗಳು ಗಿರಾಕಿ ಎಲ್ಲಿ ಪ್ಯಾಂಟು ಕಟ್ಟುತ್ತಾನೋ ಅಲ್ಲೇ ಅಳತೆ ತೆಗೆಯುತ್ತೇವೆ. ಹಾಗಾಗಿ ಹತ್ತು ವರ್ಷವಾದರೂ ಪುಸ್ತಕದಲ್ಲಿ 34, 34, 34 ಎಂದೇ ಇರುತ್ತದೆ. ಮುಂದಿನ ಪಟ್ಟಿ ಮಾತ್ರ ಕೆಳಕ್ಕೆ ಹೋಗಿರುತ್ತದೆ. "ಮಾಸ್ತರ್ರೆ, ನನ್ನ ಸೊಂಟ ಕಾಲೇಜಿನಲ್ಲಿ ಇದ್ದಷ್ಟೇ ಇದೆ ನೋಡಿ" ಎಂದು ಹೆಮ್ಮೆಯಿಂದ ಹೇಳುವವರು ಎಷ್ಟು ಜನ! ನಾನು ತಲೆ ಆಡಿಸುತ್ತೇನೆ. ಅಂಗಿಯ ಕೆಳಗಿನ ಮೂರು ಗುಂಡಿಯ ಹತ್ತಿರ ಒಂದೂವರೆ ಇಂಚು ಜಾಸ್ತಿ ಕೊಟ್ಟವನು ನಾನೇ ಅಲ್ವಾ.

ಡಾಕ್ಟರರ ಸೊಂಟ ಬೇರೆ, ಟೇಲರ್ ಸೊಂಟ ಬೇರೆ. ಅವರು ಅಳೆಯುವುದು ಪಕ್ಕೆಲುಬಿನ ಕೊನೆಗೂ ಸೊಂಟದ ಎಲುಬಿನ ಮೇಲ್ತುದಿಗೂ ನಡುವೆ. ಸುಮಾರು ಹೊಕ್ಕುಳಿನ ಮಟ್ಟ ಎನ್ನಿ. ಉಸಿರನ್ನು ಸಹಜವಾಗಿ ಬಿಟ್ಟ ಮೇಲೆ, ಹೊಟ್ಟೆ ಒಳಗೆ ಎಳೆದುಕೊಳ್ಳದೆ, ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. ನಮ್ಮ ದೇಶದವರಿಗೆ ಗೆರೆ ಹಾಕಿರುವುದು ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಇಂಚಿನಲ್ಲಿ ಹೇಳಿದರೆ ಮೂವತ್ತೈದೂವರೆಗೆ ಒಂದು ನೂಲು ಕಡಿಮೆ, ಮತ್ತು ಮೂವತ್ತೊಂದೂವರೆ. ನನ್ನ ಮಗನದು 96 ದಾಟಿತ್ತು.

ಲೈನಿನಲ್ಲಿದ್ದವರು ನೋಡಿ ನಕ್ಕರು. ಆಮೇಲೆ ಒಬ್ಬರು "ನಮ್ಮದೂ ನೋಡಿ ಮಾಸ್ತರ್ರೆ" ಎಂದರು. ಅಲ್ಲೇ ಹನ್ನೊಂದು ಜನರ ಅಳತೆ ತೆಗೆದೆ. ಬಟ್ಟೆ ಕೊಡದೆ ಅಳತೆ ಕೊಟ್ಟ ಗಿರಾಕಿಗಳು ಅವರೇ ಮೊದಲು.

ನನ್ನ ತಂಗಿಯ ಮಗಳು ಹುಬ್ಬಳ್ಳಿಯಲ್ಲಿ ಎಂಡಿ ಓದುತ್ತಿದ್ದಾಳೆ. ಅವತ್ತು ರಾತ್ರಿ ಅವಳಿಗೆ ಫೋನ್ ಮಾಡಿದೆ. "ಮಾವ, ಬಿಪಿ ನಾರ್ಮಲ್ ಇರೋದು ಒಳ್ಳೇದೇ. ಆದರೆ ನಿಮ್ಮ ಮನೆಯವರಿಗೆ ಅದೊಂದೇ ನೋಡಿ ಬಿಟ್ಟರೆ ಸಾಲದು" ಎಂದಳು. ಆಮೇಲೆ ಅವಳು ಹೇಳಿದ್ದು ನನಗೆ ಹೊಸದು. ಬಿಪಿ ಎಂದರೆ ಉಪ್ಪು ಮತ್ತು ಟೆನ್ಶನ್, ಸಕ್ಕರೆ ಎಂದರೆ ಸಿಹಿ, ಎರಡೂ ಬೇರೆ ಬೇರೆ ಎಂದುಕೊಂಡಿದ್ದವನು ನಾನು. ನೀವೂ ಹಾಗೇ ಅಂದುಕೊಂಡಿರಬಹುದು. ಎರಡಕ್ಕೂ ನಡುವೆ ಒಂದು ನೂಲು ಓಡಿದೆ. ಅದರ ಹೆಸರು ಇನ್ಸುಲಿನ್.

ನಾವು ಇನ್ಸುಲಿನ್ ಎಂದರೆ ಇಂಜೆಕ್ಷನ್ ಎನ್ನುತ್ತೇವೆ. ಅದು ಎಲ್ಲರ ಮೈಯಲ್ಲೂ ತಯಾರಾಗುತ್ತದೆ. ಊಟದ ಸಕ್ಕರೆಯನ್ನು ರಕ್ತದಿಂದ ಸ್ನಾಯುಗಳ ಒಳಗೆ ಕಳಿಸುವುದು ಅದರ ಕೆಲಸ. ಕೆಲವರ ಸ್ನಾಯುಗಳಿಗೆ ಸ್ವಲ್ಪ ಇನ್ಸುಲಿನ್ ಇದ್ದರೂ ಸಾಕು, ಕೆಲಸ ಆಗುತ್ತದೆ. ಕೆಲವರಲ್ಲಿ ಅದೇ ಕೆಲಸಕ್ಕೆ ಎರಡು ಪಟ್ಟು, ಮೂರು ಪಟ್ಟು ಬೇಕಾಗುತ್ತದೆ. ನಾನು ಇದನ್ನು ಕಾಜಾಕ್ಕೆ ಹೋಲಿಸಿ ಅರ್ಥ ಮಾಡಿಕೊಂಡೆ. ಕಾಜಾ ಬಿಗಿಯಾಗಿದ್ದರೂ ಗುಂಡಿ ಒಳಗೆ ಹೋಗುತ್ತದೆ, ಬಲ ಹಾಕಬೇಕು ಅಷ್ಟೆ. ಹಾಕಿ ಆದ ಮೇಲೆ ನೋಡಿದವರಿಗೆ ಅಂಗಿ ಸರಿಯಾಗೇ ಕಾಣುತ್ತದೆ. ಬೆರಳು ನೊಂದದ್ದು ಹಾಕಿಕೊಂಡವನಿಗೆ ಮಾತ್ರ ಗೊತ್ತು. ಶಿಬಿರದಲ್ಲಿ ಶುಗರ್ 104 ಎಂದು ನೋಡಿದವರು ಹಾಕಿ ಆದ ಗುಂಡಿಯನ್ನು ನೋಡಿದರು. ಎಷ್ಟು ಬಲ ಬಿತ್ತು ಎಂದು ನೋಡಲಿಲ್ಲ.

ಇದಕ್ಕೂ ಬಿಪಿಗೂ ಎಂಥಾ ಸಂಬಂಧ ಎಂದು ಕೇಳಿದೆ. ಸ್ನಾಯುಗಳು ಇನ್ಸುಲಿನ್ ಮಾತು ಕೇಳದಿದ್ದರೂ ಕಿಡ್ನಿ ಕೇಳುತ್ತದಂತೆ. ಸ್ನಾಯುವಿಗೆ ಕೇಳಿಸಲಿ ಎಂದು ದೇಹ ದನಿ ಏರಿಸಿದ ಹಾಗೆಲ್ಲ, ಅಂದರೆ ಇನ್ಸುಲಿನ್ ಜಾಸ್ತಿ ಮಾಡಿದ ಹಾಗೆಲ್ಲ, ಕಿಡ್ನಿ ಉಪ್ಪನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪು ನಿಂತಲ್ಲಿ ನೀರೂ ನಿಲ್ಲುತ್ತದೆ. ರಕ್ತನಾಳ ಬಿಗಿಯುವ, ಎದೆಬಡಿತ ಏರಿಸುವ ನರಗಳೂ ಇದರಿಂದ ಚುರುಕಾಗುತ್ತವೆ. ಇದೊಂದೇ ಕಾರಣ ಅಲ್ಲ, ಬಿಪಿ ಇರುವ ಎಲ್ಲರಲ್ಲೂ ಇದು ಇರುವುದಿಲ್ಲ ಎಂದು ಅವಳು ಎರಡು ಸಲ ಹೇಳಿದಳು, ನಾನೂ ಎರಡು ಸಲ ಬರೆಯಬೇಕು. ಎಲ್ಲರಲ್ಲೂ ಇರುವುದಿಲ್ಲ.

ಯಾವುದು ಮೊದಲು? ಬಿಪಿಯಿಂದ ಇನ್ಸುಲಿನ್ ಕೆಟ್ಟಿತೋ, ಇನ್ಸುಲಿನ್ ಕೆಟ್ಟು ಬಿಪಿ ಬಂತೋ? ವಿಜ್ಞಾನಿಗಳಿಗೂ ಇದೇ ಪ್ರಶ್ನೆ ಬಂದಿತ್ತು. ಇಟಲಿಯ ಫೆರಾನಿನಿ ಮತ್ತು ಅವರ ಜೊತೆಯವರು 1987ರಲ್ಲಿ, ದಪ್ಪ ಇಲ್ಲದ, ಸಕ್ಕರೆ ಕಾಯಿಲೆ ಇಲ್ಲದ, ಬರೀ ಬಿಪಿ ಇದ್ದ ತರುಣರಲ್ಲೂ ಇನ್ಸುಲಿನ್ ಕೆಲಸ ಕುಂದಿದೆ ಎಂದು ತೋರಿಸಿದರು. ಮರುವರ್ಷ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ರೀವನ್ ಎಂಬ ಡಾಕ್ಟರು ಬಿಪಿ, ಸಕ್ಕರೆ, ಕೊಬ್ಬು, ಹೃದ್ರೋಗ ಇವೆಲ್ಲ ಒಂದೇ ಗಂಟಿನಲ್ಲಿ ಬರುತ್ತವೆ ಎಂದು ಹೇಳಿ ಆ ಗಂಟಿಗೆ 'ಸಿಂಡ್ರೋಮ್ ಎಕ್ಸ್' ಎಂದು ಹೆಸರಿಟ್ಟರು. ಆಮೇಲಿನ ವರ್ಷಗಳಲ್ಲಿ ಬಿಪಿ ಇರುವವರ ಮಕ್ಕಳನ್ನು ಕರೆದು ಪರೀಕ್ಷೆ ಮಾಡಿದರು. ಮಕ್ಕಳಿಗೆ ಬಿಪಿ ಇಲ್ಲ, ಕೆಲವರು ತೆಳ್ಳಗೇ ಇದ್ದಾರೆ. ಆದರೂ, ಬಿಪಿ ಇಲ್ಲದವರ ಮಕ್ಕಳ ಜೊತೆ ಹೋಲಿಸಿದರೆ, ಇವರ ಇನ್ಸುಲಿನ್ ಕೆಲಸ ಮಂದ. ಬಿಪಿ ಬರುವ ಮೊದಲೇ! ನನ್ನ ಮಗ ಚೀಟಿ ಹಿಡಿದು ನಿಂತಿದ್ದು ಕಣ್ಣ ಮುಂದೆ ಬಂತು.

ಈ ಪರೀಕ್ಷೆ ಹೇಗೆ ಮಾಡುತ್ತಾರೆ ಎಂದು ಕೇಳಿ ನನಗೆ ಸುಸ್ತಾಯಿತು. ಒಂದು ಕಡೆಯಿಂದ ಇನ್ಸುಲಿನ್ ಡ್ರಿಪ್, ಇನ್ನೊಂದು ಕಡೆಯಿಂದ ಗ್ಲೂಕೋಸ್ ಡ್ರಿಪ್. ಸಕ್ಕರೆ ಒಂದೇ ಮಟ್ಟದಲ್ಲಿ ನಿಲ್ಲುವಂತೆ ಗ್ಲೂಕೋಸ್ ಏರಿಸುತ್ತಾ ಇಳಿಸುತ್ತಾ ಎರಡು ಗಂಟೆ ಮಲಗಿಸುತ್ತಾರೆ. ಜಾಸ್ತಿ ಗ್ಲೂಕೋಸ್ ಬೇಕಾದರೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಲೆಕ್ಕ. ಸಂಶೋಧನೆಗೆ ಸರಿ, ಅಂಕೋಲಾ ಪೇಟೆಗೆ ಅಲ್ಲ.

ನನ್ನ ಮಗ ಮಾಡಿಸಿದ್ದು ಸುಲಭದ್ದು. ಡಿಸೆಂಬರಿನಲ್ಲಿ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟ. ಯಾವುದೋ ಲ್ಯಾಬಿನ ಪ್ಯಾಕೇಜು, ಅದರಲ್ಲಿ ಇನ್ಸುಲಿನ್ ಕೂಡ ಇತ್ತು. ಸಕ್ಕರೆ 94. ಇನ್ಸುಲಿನ್ 18. ಎರಡನ್ನೂ ಗುಣಿಸಿ 405ರಿಂದ ಭಾಗಿಸಬೇಕಂತೆ. ನಾನು ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಮಾಡಿದೆ. ನಾಲ್ಕು ಚಿಲ್ಲರೆ ಬಂತು. ಇನ್ಸುಲಿನ್ ಕೆಲಸ ಎಷ್ಟು ಮಂದ ಎಂದು ಅಂದಾಜು ಮಾಡುವ ಈ ಲೆಕ್ಕ ಬ್ರಿಟನ್ನಿನ ಆಕ್ಸ್‌ಫರ್ಡ್‌ನವರು 1985ರಲ್ಲಿ ಕೊಟ್ಟದ್ದು. ಎರಡೂವರೆ ದಾಟಿದರೆ ಹುಬ್ಬು ಏರಿಸುತ್ತಾರೆ. ಆದರೆ ತಂಗಿಯ ಮಗಳು ಬೈದಳು. "ಮಾವ, ಇದು ಎಲ್ಲರಿಗೂ ಮಾಡಿಸೋ ಟೆಸ್ಟ್ ಅಲ್ಲ. ಲ್ಯಾಬಿನಿಂದ ಲ್ಯಾಬಿಗೆ ಬದಲಾಗ್ತದೆ. ಅವನ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರೋ ಒಂದು ಬಗೆಯ ಕೊಬ್ಬು, 210, ಒಳ್ಳೆ ಕೊಲೆಸ್ಟ್ರಾಲ್ 34, ಹೊಟ್ಟೆ 38, ನಿಮ್ಮೆಲ್ಲರ ಬಿಪಿ. ಇಷ್ಟು ನೋಡಿದರೆ ಸಾಕಿತ್ತು. ಇನ್ಸುಲಿನ್ ಟೆಸ್ಟಿನ ದುಡ್ಡಿಗೆ ಅವನಿಗೆ ಒಂದು ಜೊತೆ ಬೂಟ್ಸ್ ಬರ್ತಿತ್ತು." ಹಾಗಾಗಿ ಓದುಗರು ಈ ಪತ್ರ ಓದಿ ಲ್ಯಾಬಿಗೆ ಓಡಬೇಡಿ. ಟೇಪು ಹುಡುಕಿ.

ಇನ್ನೊಂದು ಗುರುತು ನನ್ನ ಕಣ್ಣೆದುರೇ ಇತ್ತು, ಕಾಣಲಿಲ್ಲ. ಮಗನ ಕುತ್ತಿಗೆಯ ಹಿಂಭಾಗ ಕಪ್ಪಗೆ, ಮಖಮಲ್ಲಿನ ಹಾಗೆ ದಪ್ಪಗಾಗಿತ್ತು. ಕಾಲರ್ ಅಳತೆ ತೆಗೆಯುವಾಗ ನೋಡಿದ್ದೆ, ಬಿಸಿಲು ಎಂದುಕೊಂಡೆ. ಹೆಂಡತಿ ಹೈಸ್ಕೂಲ್ ದಿನಗಳಿಂದ "ಕುತ್ತಿಗೆ ಸರಿ ತಿಕ್ಕೋ" ಎಂದು ಗದರಿಸಿ, ಕಡಲೆಹಿಟ್ಟು, ಲಿಂಬೆಹಣ್ಣು ಎಲ್ಲ ಹಚ್ಚಿದ್ದಳು. ತಿಕ್ಕಿ ತಿಕ್ಕಿ ಚರ್ಮ ಕೆಂಪಾಯಿತೇ ಹೊರತು ಕಪ್ಪು ಹೋಗಲಿಲ್ಲ. ಅದು ಕೊಳೆ ಅಲ್ಲ. ಮೈಯಲ್ಲಿ ಇನ್ಸುಲಿನ್ ಜಾಸ್ತಿಯಾದಾಗ ಕುತ್ತಿಗೆ, ಕಂಕುಳಿನ ಚರ್ಮ ಹಾಗಾಗುವುದು ಉಂಟು. ಬೇರೆ ಕಾರಣಕ್ಕೂ ಆಗಬಹುದು, ಡಾಕ್ಟರ್ ನೋಡಬೇಕು. ಆದರೆ ಮಕ್ಕಳನ್ನು ಗದರಿಸುವುದು ಮಾತ್ರ ನಿಲ್ಲಿಸಿ. ನನ್ನ ಹೆಂಡತಿ ಇದನ್ನು ಕೇಳಿ ಒಳಗೆ ಹೋಗಿ ಕೂತಳು. ಮಧ್ಯಾಹ್ನದವರೆಗೆ ಮಾತಾಡಲಿಲ್ಲ.

ಅವ್ವ ಕಡ್ಡಿಯಂತೆ ಇದ್ದೂ ಹೀಗೇಕಾಯಿತು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿರಲಿಲ್ಲ. ಅದಕ್ಕೆ ತಂಗಿಯ ಮಗಳು ಒಂದು ಫೋಟೊ ಕಳಿಸಿದಳು. 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಇಬ್ಬರು ಡಾಕ್ಟರು ಅಕ್ಕಪಕ್ಕ ನಿಂತಿದ್ದಾರೆ. ಒಬ್ಬರು ಪುಣೆಯ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಯುಡ್ಕಿನ್. ಎತ್ತರಕ್ಕೆ ತೂಕದ ಲೆಕ್ಕ ಇಬ್ಬರದೂ ಒಂದೇ, 22.3. ಆದರೆ ಮೈಯಲ್ಲಿರುವ ಕೊಬ್ಬು ಲಂಡನ್ನಿನವರದು 9.1 ಶೇಕಡಾ, ನಮ್ಮವರದು 21.2. ಟೇಲರ್ ಕಣ್ಣಿನಿಂದ ನೋಡಿದರೆ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಅಂಗಿ ಹೊಲಿಯುತ್ತಿದ್ದೆ. ನಮ್ಮ ದೇಶದ ಜನ ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಇರಬಹುದು ಎನ್ನುವುದಕ್ಕೆ ಆ ಫೋಟೊ. ಅವ್ವನದು ಹಾಗೇ ಇತ್ತು ಎಂದು ನಾನು ಹೇಳಲಾರೆ, ಯಾರೂ ಅಳೆದಿರಲಿಲ್ಲ. ತೆಳ್ಳಗಿದ್ದವರಿಗೆ ಬಿಪಿ ಬರುವುದಿಲ್ಲ ಎಂದು ಹೇಳುವವರ ಬಾಯಿ ಮುಚ್ಚಿಸಲು ನನಗೆ ಅವ್ವ ಒಬ್ಬಳೇ ಸಾಕು.

ಉಪ್ಪಿನ ಮಾತಿಗೆ ಬರುತ್ತೇನೆ. ನಮ್ಮ ಅಂಕೋಲಾಕ್ಕೂ ಉಪ್ಪಿಗೂ ಹಳೆಯ ನಂಟು. 1930ರಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದದ್ದು ಇಲ್ಲೇ. ಪಕ್ಕದ ಸಾಣಿಕಟ್ಟೆಯ ಆಗರದ ಉಪ್ಪು ಇವತ್ತಿಗೂ ನಮ್ಮ ಉಪ್ಪಿನಕಾಯಿ ಭರಣಿಗೆ ಬೇಕು. ಉಪ್ಪು ಬಿಡಿ ಎಂದು ನಾನು ಈ ಊರಲ್ಲಿ ಕೂತು ಬರೆದರೆ ಹಿರಿಯರು ಎದ್ದು ಬಂದಾರು. ಆದರೂ ಲೆಕ್ಕ ಬರೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚ. ಈಗ ಮಳೆಗಾಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟು ಕಡಲಿಗೆ ಇಳಿಯುವುದಿಲ್ಲ. ಮನೆಯಲ್ಲಿ ಗಂಜಿ, ಜೊತೆಗೆ ಒಣ ಬಂಗಡೆ ಸುಟ್ಟದ್ದು, ಇಲ್ಲವೇ ಒಣ ಶೆಟ್ಲಿ (ಸಿಗಡಿ) ಚಟ್ನಿ, ಮೇಲೆ ಮಿಡಿ ಉಪ್ಪಿನಕಾಯಿಯ ರಸ. ಆ ಸಣ್ಣ ಚಮಚ ಎಷ್ಟು ಹೊತ್ತಿಗೆ ಮುಗಿಯಿತು ಎಂದು ನೀವೇ ಹೇಳಿ.

ಪಕ್ಕದ ಮನೆಯವರೂ ಅದನ್ನೇ ತಿನ್ನುತ್ತಾರೆ, ಅವರಿಗೇನೂ ಆಗಿಲ್ಲವಲ್ಲ ಎಂದು ನಾನು ಎಷ್ಟೋ ವರ್ಷ ವಾದ ಮಾಡಿದೆ. ಈಗ ಅರ್ಥವಾಗಿದೆ. ಕೆಲವರ ಕಿಡ್ನಿ ಜಾಸ್ತಿ ಉಪ್ಪನ್ನು ಸಲೀಸಾಗಿ ಹೊರಗೆ ಹಾಕುತ್ತದೆ, ನಮ್ಮಂಥವರದು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಈಗ ಒಣಮೀನನ್ನು ಎರಡು ಸಲ ನೀರಿನಲ್ಲಿ ನೆನೆಸಿ ಚೆಲ್ಲಿ ಆಮೇಲೆ ಮಾಡುತ್ತಾರೆ, ಅದೂ ವಾರಕ್ಕೊಮ್ಮೆ. ರುಚಿ ಕಡಿಮೆ. ಸುಳ್ಳು ಯಾಕೆ ಹೇಳಲಿ. ಇನ್ನು ಕರಿ ಈಶಾಡು ಮಾವಿನ ಹಣ್ಣಿನ ವಿಷಯದಲ್ಲಿ ಮಗನಿಗೂ ನನಗೂ ಒಪ್ಪಂದ ಆಗಿದೆ: ಊಟದ ಬದಲು ಅಲ್ಲ, ಊಟದ ಮೇಲೆ ಎರಡು ಹಣ್ಣೂ ಅಲ್ಲ, ಅರ್ಧ ಹಣ್ಣು. ಈ ಮೇ ತಿಂಗಳಲ್ಲಿ ಅದನ್ನು ಮೊದಲು ಮುರಿದವನು ನಾನು.

ಗುಳಿಗೆಯ ಬಗ್ಗೆ ಒಂದು ಮಾತು. ಬಿಪಿಯ ಕೆಲವು ಹಳೆಯ ಗುಳಿಗೆಗಳು ಇನ್ಸುಲಿನ್ ಕೆಲಸವನ್ನು ಇನ್ನಷ್ಟು ಮಂದ ಮಾಡುತ್ತವೆ, ಕೆಲವು ಮಾಡುವುದಿಲ್ಲ. ನನ್ನದನ್ನು ಡಾಕ್ಟರು ಬದಲಿಸಿದರು. ಬದಲಿಸಿದ್ದು ಅವರು, ನಾನಲ್ಲ. ಇದನ್ನು ಓದಿ ಯಾರೂ ತಾವಾಗಿ ಗುಳಿಗೆ ಬಿಡಬೇಡಿ. ನಮ್ಮಣ್ಣ ಹಾಗೆ ಬಿಟ್ಟು ಹದಿನೈದೇ ದಿನಕ್ಕೆ ಆಸ್ಪತ್ರೆ ಸೇರಿದ್ದ. "ನನ್ನ ಮನೆಯಲ್ಲಿ ಸಕ್ಕರೆಯೂ ಇದೆ, ಈ ಗುಳಿಗೆ ಸರಿಯಾ" ಎಂದು ಕೇಳಿ, ಅಷ್ಟೆ.

ಈಗ ಶಿಬಿರಕ್ಕೆ ವಾಪಸ್ ಬರೋಣ. ಅಪ್ಪ ಅಮ್ಮನಿಗೆ ಬಿಪಿ ಇದೆಯಾ ಎಂದು ಕೇಳುವುದು ದೊಡ್ಡ ವಿದ್ಯೆ ಏನಲ್ಲ. ಸರ್ಕಾರದ ಫಾರಂನಲ್ಲೇ ಅದು ಇದೆ! ನಮ್ಮ ಓಣಿಯ ಆಶಾ ಕಾರ್ಯಕರ್ತೆ ಮಗನ ಯೂನಿಫಾರ್ಮ್ ಹೊಲಿಸಲು ಬಂದಿದ್ದಳು, ಚೀಲದಿಂದ ತೆಗೆದು ತೋರಿಸಿದಳು. 30 ದಾಟಿದವರ ಮನೆಗೆ ಹೋಗಿ ತುಂಬುವ ಫಾರಂ. ವಯಸ್ಸು, ತಂಬಾಕು, ಸಾರಾಯಿ, ಸೊಂಟದ ಅಳತೆ, ಓಡಾಟ, ಆಮೇಲೆ ತಂದೆ ತಾಯಿ ಅಥವಾ ಒಡಹುಟ್ಟಿದವರಿಗೆ ಬಿಪಿ, ಸಕ್ಕರೆ, ಹೃದಯದ ಕಾಯಿಲೆ ಇದೆಯಾ ಎಂಬ ಪ್ರಶ್ನೆ. ಇದೆ ಎಂದರೆ 2 ಅಂಕ. ಒಟ್ಟು 4 ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಎಷ್ಟು ಸರಳ! ನನ್ನ ಮಗ ಈ ಫಾರಂಗೂ ಸಿಗುವುದಿಲ್ಲ, 30 ಆಗಿಲ್ಲ. ಶಿಬಿರದವರಿಗೂ ಸಿಗಲಿಲ್ಲ, ಅಲ್ಲಿ ಫಾರಂ ಇರಲಿಲ್ಲ. ಮನೆಯಲ್ಲಿ ಬಿಪಿ ಇರುವ 20 ದಾಟಿದ ಹುಡುಗ ಹುಡುಗಿಯರನ್ನು ಕೂಡ ಇದೇ ಫಾರಂನಲ್ಲಿ ತುಂಬಿಸಿದರೆ ಏನು ನಷ್ಟ?

ಪ್ರಶ್ನೆ ಕೇಳುವ ರೀತಿ ಮಾತ್ರ ಕಲಿಯಬೇಕು. ಅವತ್ತು ಲೈನಿನಲ್ಲಿ ಟೇಪು ಹಿಡಿದು ನಾನು "ನಿಮ್ಮ ತಾಯಿಗೆ ಬಿಪಿ ಇತ್ತಾ" ಎಂದು ಕೇಳಿದರೆ, ಬೇಲೇಕೇರಿ ಕಡೆಯ ಒಬ್ಬರು "ಇಲ್ಲಪ್ಪ, ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲ" ಎಂದರು. ಹಾಗಾದರೆ ಹೇಗೆ ತೀರಿಕೊಂಡರು? "ಲಕ್ವ ಹೊಡೀತು." ಇನ್ನೊಬ್ಬರ ಅಪ್ಪ "ಊಟ ಮಾಡಿ ಮಲಗಿದವ ಏಳಲೇ ಇಲ್ಲ." ಮತ್ತೊಬ್ಬರ ಮನೆಯಲ್ಲಿ ಅದಕ್ಕೆ ಗಾಳಿ ಸೋಕಿದ್ದು ಎಂದು ಹೆಸರು. ನಮ್ಮ ಹಿರಿಯರಿಗೆ ಬಿಪಿ ಇರಲಿಲ್ಲ ಎಂದಲ್ಲ, ನೋಡಿದವರು ಇರಲಿಲ್ಲ. ಅದಕ್ಕೇ ಬಿಪಿ ಇತ್ತಾ ಎಂದು ಕೇಳಿ ಬಿಟ್ಟರೆ ಆಗದು. ಲಕ್ವ ಆಗಿತ್ತಾ, ಎದೆನೋವು ಬಂದಿತ್ತಾ, ಕಿಡ್ನಿ ಹೋಗಿತ್ತಾ, ಎಷ್ಟನೇ ವಯಸ್ಸಿಗೆ, ಎಂದು ಕೇಳಬೇಕು. ಕೂತು ಕೇಳಬೇಕು. ನಮ್ಮ ಕಡೆ ಒಬ್ಬರನ್ನು ಕೂರಿಸಿ ಮನೆಯ ವಿಷಯ ಕೇಳಿದರೆ ನಿಲ್ಲಿಸುವುದೇ ಕಷ್ಟ, ಹೇಳದೆ ಇರುವವರು ಯಾರು?

ಬಿಪಿ ನೋಡುವ ಬಗ್ಗೆಯೂ ಟೇಲರ್ ಕಡೆಯಿಂದ ಒಂದು ಆಕ್ಷೇಪಣೆ. ಅವತ್ತು ಮೆಟ್ಟಿಲು ಹತ್ತಿ ಬಂದವರನ್ನು ಹಾಗೇ ಕೂರಿಸಿ ನೋಡಿದರು. ಐದು ನಿಮಿಷ ಸುಮ್ಮನೆ ಕೂತ ಮೇಲೆ ನೋಡಬೇಕು. ಅರ್ಧ ಗಂಟೆ ಮೊದಲು ಚಾ, ಕವಳ, ಬೀಡಿ ಬೇಡ. ಬಿಗಿ ತೋಳನ್ನು ಮೇಲಕ್ಕೆ ಸುತ್ತಿದರೆ ಅದೇ ಒಂದು ಪಟ್ಟಿಯಾಗಿ ರಟ್ಟೆ ಹಿಡಿಯುತ್ತದೆ, ಅಂಗಿಯ ಮೇಲೆಯೇ ಸುತ್ತಿದರೂ ಲೆಕ್ಕ ತಪ್ಪುತ್ತದೆ. ಶಿಬಿರಕ್ಕೆ ಹೋಗುವವರು ಸಡಿಲ ಅರ್ಧ ತೋಳಿನ ಅಂಗಿ ಹಾಕಿಕೊಂಡು ಹೋಗಿ.

ಮಗನ ವಿಷಯ ಮುಗಿಸುತ್ತೇನೆ. ಅವನಿಗೆ ಡಾಕ್ಟರು ಔಷಧಿ ಕೊಡಲಿಲ್ಲ. ರಾತ್ರಿ ಊಟದ ಮೇಲೆ ನಡೆಯಲು ಹೇಳಿದರು, ವಾರಕ್ಕೆ ಎಲ್ಲ ಸೇರಿ 150 ನಿಮಿಷಕ್ಕೆ ಕಡಿಮೆ ಇಲ್ಲದಂತೆ. ನಡೆಯುವಾಗ ಸ್ನಾಯುಗಳು ಇನ್ಸುಲಿನ್‌ಗೆ ಕಾಯದೆ ತಾವೇ ಸಕ್ಕರೆ ಎಳೆದುಕೊಳ್ಳುತ್ತವೆ, ಆ ಗುಣ ಒಂದೆರಡು ದಿನ ಉಳಿಯುತ್ತದೆ. ಹಾಗಾಗಿ ದಿನಾ ಆಗದಿದ್ದರೂ ಎರಡು ದಿನ ಬಿಡಬಾರದು. ಅವನು ಊರಿಗೆ ಬಂದಾಗ ನಾವಿಬ್ಬರೂ ಕೇಣಿಯ ಕಡೆ ಹೋಗುತ್ತೇವೆ. ಮೊದಲೆಲ್ಲ ಅವನು ಮೊಬೈಲ್ ನೋಡುತ್ತಾ ಹಿಂದೆ ಬರುತ್ತಿದ್ದ, ಈಗ ನಾನು ಹಿಂದೆ. ಎಂಟು ತಿಂಗಳಲ್ಲಿ ತೂಕ 79ರಿಂದ 73 ಆಗಿದೆ. ಟ್ರೈಗ್ಲಿಸರೈಡ್ 210 ಇದ್ದದ್ದು 150. ಹೊಟ್ಟೆ 38ರಿಂದ 36. ಗೆರೆ ಇನ್ನೂ ಅರ್ಧ ಇಂಚು ಆಚೆ ಇದೆ. ಕುತ್ತಿಗೆಯ ಕಪ್ಪು ಸ್ವಲ್ಪ ತಿಳಿಯಾದಂತೆ ನನಗೆ ಕಾಣುತ್ತದೆ. ಹೆಂಡತಿ ಒಪ್ಪುವುದಿಲ್ಲ. ಚೆನ್ನೈಯಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟ ಮತ್ತು ನಡಿಗೆ ಬದಲಿಸಿದ್ದರಿಂದಲೇ ಸಕ್ಕರೆ ಕಾಯಿಲೆಗೆ ಬೀಳುವುದು 28.5 ಶೇಕಡಾ ಕಡಿಮೆಯಾಯಿತಂತೆ. ಪೂರ್ತಿ ಅಲ್ಲ. ಆದರೂ ನೂರು ಮೀಟರ್ ಬಟ್ಟೆಯಲ್ಲಿ ಇಪ್ಪತ್ತೆಂಟು ಮೀಟರ್ ಉಳಿದರೆ ಯಾವ ಟೇಲರ್ ಬೇಡ ಎನ್ನುತ್ತಾನೆ?

ರೆಡಿಮೇಡ್ ಬಂದ ಮೇಲೆ ನನಗೆ ಆಲ್ಟ್ರೇಶನ್ ಕೆಲಸವೇ ಜಾಸ್ತಿ. ಹತ್ತು ಜನ ಬಂದರೆ ಒಂಬತ್ತು ಜನ "ಸ್ವಲ್ಪ ಬಿಡಿಸಿ ಕೊಡಿ" ಎನ್ನುತ್ತಾರೆ. "ಹಿಡಿದು ಕೊಡಿ" ಎನ್ನುವವರು ಅಪರೂಪ. ಕಳೆದ ವಾರ ಮಗನ ಎರಡು ಪ್ಯಾಂಟು ಹಿಡಿದೆ.

ಕಾರವಾರ, ಕುಮಟಾ, ಶಿರಸಿ, ಎಲ್ಲೇ ಶಿಬಿರ ಮಾಡುವ ಸಂಘದವರಿಗೆ ನನ್ನದೊಂದು ಮಾತು. 20-30 ರೂಪಾಯಿಗೆ ಒಂದು ಟೇಪು ಸಿಗುತ್ತದೆ. ಅಷ್ಟೂ ಬೇಡ ಎಂದರೆ ನನ್ನ ಹತ್ತಿರ ಬನ್ನಿ. ಇಪ್ಪತ್ತು ಟೇಪು ತಂದು 80 ಸೆಂಟಿಮೀಟರಿಗೆ ಕೆಂಪು ನೂಲು, 90ಕ್ಕೆ ಕಪ್ಪು ನೂಲು ಹೊಲಿದು ಇಟ್ಟಿದ್ದೇನೆ, ಓದು ಬಾರದವರೂ ನೋಡಬಹುದು. ಮುಂದಿನ ಶಿಬಿರದ ತಾರೀಖು ಹೇಳಿದರೆ ನಾನೇ ಬಂದು ಒಂದು ಕುರ್ಚಿ ಹಾಕಿ ಕೂರುತ್ತೇನೆ, ಅಳತೆಯೂ ತೆಗೆಯುತ್ತೇನೆ, ಅಪ್ಪ ಅಮ್ಮನ ವಿಷಯವೂ ಕೇಳುತ್ತೇನೆ. ಗಣಪತಿ ಹಬ್ಬದ ಹಿಂದಿನ ಹದಿನೈದು ದಿನ ಮಾತ್ರ ಬಿಡಿ, ಆಗ ಹೊಲಿಗೆ ಜಾಸ್ತಿ.

ಇಂತಿ,
ನಿಮ್ಮ ಹಳೆಯ ಓದುಗ, ಒಬ್ಬ ಟೇಲರ್
ಅಂಕೋಲಾ, ಉತ್ತರ ಕನ್ನಡ